ಕೆಂಪಗಿರೋದೆಲ್ಲ ಪ್ಲಸ್ ಅಲ್ಲ

ನನ್ನ ಗಂಟಲು ದೊಡ್ಡದು. ಇದನ್ನ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಯಾರೂ ತಕರಾರು ಮಾಡಬಾರದು. ಮೂವತ್ತೊಂದು ವರ್ಷದಿಂದ ಹಿಟ್ಟಿನ ಗಿರಣಿ ನಡೆಸ್ತಿದೀನಿ. ಮೋಟರ್ ಓಡ್ತಿರುವಾಗ ಎದುರಿಗೆ ನಿಂತವರಿಗೆ "ಅಕ್ಕಿ ನುಣ್ಣಗೋ, ತರಿಯೋ?" ಅಂತ ಕೇಳಬೇಕಾದ್ರೆ ಕೂಗಲೇಬೇಕು. ಕೂಗಿ ಕೂಗಿ ಅದೇ ಅಭ್ಯಾಸ ಆಗಿ, ಈಗ ಊಟಕ್ಕೆ ಕೂತು ಉಪ್ಪು ಕೇಳಿದ್ರೂ ಪಕ್ಕದ ಮನೆ ಲೋಕಪ್ಪ "ಏನಾತು ವೀರಬಸಣ್ಣ?" ಅಂತ ಓಡಿ ಬರ್ತಾನೆ. ಸಿಟ್ಟೂ ಹಂಗೇ, ಮೂಗಿನ ತುದೀಲೇ ಕೂತಿರತ್ತೆ. ಬಂದ ಸಿಟ್ಟು ಎರಡು ನಿಮಿಷಕ್ಕೆ ಹೋಗತ್ತೆ. ಆ ಎರಡು ನಿಮಿಷದಲ್ಲಿ ಆಡಿದ ಮಾತು ಹೋಗಲ್ಲ. ಈ ಬುದ್ಧಿ ನನಗೆ ಬಂದದ್ದು ಹೋದ ಜೂನ್ ತಿಂಗಳಲ್ಲಿ, ಒಂದು ಸತ್ತ ಬ್ಯಾಟರಿಯಿಂದ.

ನಮ್ಮೂರು ಶಿಕಾರಿಪುರದಿಂದ ಶಿರಾಳಕೊಪ್ಪಕ್ಕೆ ಹೋಗೋ ರಸ್ತೆ ಬಿಟ್ಟು ಮೂರು ಕಿಲೋಮೀಟರ್ ಒಳಗೆ. ಮನೇಲಿ ನಾನು, ನನ್ನ ಹೆಂಡತಿ ನಿರ್ಮಲಾ, ಎಪ್ಪತ್ತೆಂಟರ ನಮ್ಮವ್ವ ಶಕುಂತಲಮ್ಮ. ನಿರ್ಮಲಾ ಸೊರಬದ ಕಡೆಯೋಳು, ಕುಪ್ಪಗಡ್ಡೆ ಅವಳ ತವರು. ಸೊರಬದ ಹೈಸ್ಕೂಲಲ್ಲಿ ಓದ್ತಾ ಹತ್ತನೇ ಕ್ಲಾಸಲ್ಲಿ ವಿಜ್ಞಾನಕ್ಕೆ ನಾಲ್ಕು ಮಾರ್ಕು ಕಡಿಮೆ ಬಿದ್ದು ಫೇಲಾದಳು. ಆಮೇಲೆ ಮದುವೆ, ಮಗಳು, ಮಗಳ ಮದುವೆ, ದನ, ಕೊಟ್ಟಿಗೆ. ವಿಜ್ಞಾನ ಅಲ್ಲೇ ಉಳೀತು.

ಒಂಬತ್ತು ವರ್ಷದಿಂದ ನಮ್ಮೂರ ಮಹಿಳಾ ಹಾಲಿನ ಸಂಘದಲ್ಲಿ ಹಾಲು ಪರೀಕ್ಷೆ ಮಾಡೋಳು ಅವಳೇ. ಯಾರ ಹಾಲಿಗೆ ಎಷ್ಟು ನೀರು ಬಿದ್ದಿದೆ ಅಂತ ಮೂಸಿ ಹೇಳ್ತಾಳೆ ಅಂತ ಊರು ಹೆದರತ್ತೆ. ಹೋದ ವರ್ಷ ಸಂಘದ ಕಾರ್ಯದರ್ಶಿ ವಯಸ್ಸಾಯ್ತು ಅಂತ ಬಿಟ್ಟರು. ಎಲ್ಲ ಹೆಂಗಸರೂ "ನಿರ್ಮಲಮ್ಮನೇ ಆಗಲಿ" ಅಂದರು. ಆದ್ರೆ ಆ ಜಾಗಕ್ಕೆ ಹತ್ತನೇ ಕ್ಲಾಸು ಪಾಸಾಗಿರಬೇಕಂತೆ. ಮುಂದಿನ ಜುಲೈವರೆಗೆ ಕಾಯ್ತೀವಿ, ಆಮೇಲೆ ಹೊರಗಿನವರನ್ನ ತಗೋತೀವಿ ಅಂತ ಸಂಘದಲ್ಲಿ ತೀರ್ಮಾನ ಆಯ್ತು. ನಲವತ್ತಾರನೇ ವಯಸ್ಸಲ್ಲಿ ನಿರ್ಮಲಾ ಮತ್ತೆ ಫಾರ್ಮ್ ತುಂಬಿದಳು, ಅದೇ ಸೊರಬದ ಹೈಸ್ಕೂಲಿಂದ. ಮಾರ್ಚಲ್ಲಿ ಬರೆದಾಗ ಎಲ್ಲ ಪಾಸು, ವಿಜ್ಞಾನ ಮತ್ತೆ ಮೂರು ಮಾರ್ಕಿಗೆ ಕೈ ಕೊಡ್ತು. ಜೂನ್‌ನ ಪರೀಕ್ಷೆ ತಪ್ಪಿದ್ರೆ ಕಾರ್ಯದರ್ಶಿ ಜಾಗಕ್ಕೆ ಎಳ್ಳು ನೀರು.

ನಾನೇನು ಮಾಡಿದೆ? ನಕ್ಕೆ. "ಮೊಮ್ಮಗಳಿಗೆ ಅ ಆ ಕಲಿಸೋ ವಯಸ್ಸಲ್ಲಿ ನಿನಗೆ ಯಾಕೆ ಬೇಕೇ ಈ ಪರೀಕ್ಷೆ?" ಅಂದೆ. ಅವಳು ಒಲೆ ಮುಂದೆ ಪುಸ್ತಕ ಇಟ್ಟುಕೊಂಡು ಓದ್ತಿದ್ರೆ, "ಸಾರು ಸೀದು ಹೋದ್ರೆ ಅದಕ್ಕೂ ಮಾರ್ಕು ಕೊಡ್ತಾರಾ?" ಅಂತ ಕೂಗಿದೆ. ಅವಳು ಸಾರು ಕಲಕಿ ಪುಟ ತಿರುಗಿಸಿದಳು. ಇಲ್ಲೊಂದು ಗುಟ್ಟು ಹೇಳ್ತೀನಿ. ನಾನೂ ಹತ್ತನೇ ಕ್ಲಾಸು ಡುಮ್ಕಿ. ಗಣಿತ, ವಿಜ್ಞಾನ ಎರಡೂ. ನಗು ಬರ್ತಿದ್ದದ್ದು ಅಲ್ಲಿಂದ.

ಪರೀಕ್ಷೆ ಹಿಂದಿನ ಸಂಜೆ ನಿರ್ಮಲಾ "ಓದಿದ್ದು ಸಾಕು, ಇನ್ನು ತಲೆ ತಿಳಿಯಾಗಿರಲಿ" ಅಂದು ಪುಸ್ತಕ, ಪೆನ್ನು, ಹಾಲ್ ಟಿಕೆಟ್ ಎಲ್ಲ ಬ್ಯಾಗಿಗೆ ತುಂಬಿ, ಬೆಳಿಗ್ಗೆ ಗಡಿಬಿಡೀಲಿ ಮರೆಯೋದು ಬೇಡ ಅಂತ ಆಗಲೇ ಕಾರಿನ ಹಿಂದಿನ ಸೀಟಲ್ಲಿ ಇಟ್ಟು ಬಂದಳು. ಊಟ ಆಗಿ ಅವ್ವ, ನಿರ್ಮಲಾ ಇಬ್ಬರೂ ಮಲಗಿದ ಮೇಲೆ ನನಗೆ ಒಂದು ಚಪಲ ಹತ್ತಿತು. ಈ ಹೆಂಗಸು ಒಂದು ವರ್ಷದಿಂದ ಏನು ಓದ್ತಿದಾಳೆ ನೋಡೇಬಿಡೋಣ ಅಂತ. ಮನೇಲಿ ಓದಿದ್ರೆ ಅವ್ವ ಎದ್ದು ನೋಡಿ ನಗ್ತಾಳೆ. ಕೀಲಿ ತಗೊಂಡು ಕಾರಲ್ಲಿ ಹೋಗಿ ಕೂತೆ. ಒಳಗಿನ ಲೈಟ್ ಹಾಕಿದೆ. ಸೆಕೆ ಅಂತ ಕೀಲಿ ಅರ್ಧ ತಿರುಗಿಸಿ ಫ್ಯಾನ್ ಹಾಕಿದೆ. ಚಾಳೀಸು ಏರಿಸಿ ಪುಸ್ತಕ ತೆಗೆದೆ. ವಿದ್ಯುತ್ ಪಾಠ. ಗಿರಣಿ ಮೋಟರ್ ಬಿಚ್ಚಿ ಜೋಡಿಸೋನು ನಾನು, ಇದೇನು ಮಹಾ ಅಂದುಕೊಂಡೆ. ನಾಲ್ಕನೇ ಪುಟಕ್ಕೆ ಕಣ್ಣು ಎಳೀತು. ಪುಸ್ತಕ ಮಡಚಿ ಬ್ಯಾಗಿಗೆ ತುರುಕಿ, ಬಾಗಿಲು ದಬ್ಬಿ, ಹೋಗಿ ಮಲಗಿಬಿಟ್ಟೆ. ಲೈಟಿಲ್ಲ, ಫ್ಯಾನಿಲ್ಲ, ಕೀಲಿಯಿಲ್ಲ, ಯಾವುದೂ ನೆನಪಿಲ್ಲ.

ಬೆಳಿಗ್ಗೆ ಎಂಟು ಗಂಟೆ. ಪರೀಕ್ಷೆ ಹತ್ತಕ್ಕೆ, ಹತ್ತಕ್ಕೆ ಗೇಟ್ ಹಾಕ್ತಾರೆ. ಸೊರಬಕ್ಕೆ ಏನಿಲ್ಲ ಅಂದ್ರೂ ಐವತ್ತು ನಿಮಿಷ. ನಿರ್ಮಲಾ ದೇವರಿಗೆ ಕೈಮುಗಿದು, ಅವ್ವನ ಕಾಲಿಗೆ ಬಿದ್ದು, ಹೊರಗೆ ಬಂದಳು. ನಾನು ಕೀಲಿ ಹುಡುಕಿದೆ. ಮೊಳೆ ಮೇಲೆ ಇಲ್ಲ, ರಾತ್ರಿದು ಆಗ ನೆನಪಾಯ್ತು. ಓಡಿ ಹೋಗಿ ಕಾರಿನ ಬಾಗಿಲು ತೆಗೆದ್ರೆ ಕೀಲಿ ಅಲ್ಲೇ ನೇತಾಡ್ತಿದೆ, ತಲೆ ಮೇಲಿನ ಲೈಟು ಸಾಯೋ ಮುಂಚಿನ ದೀಪದ ಹಾಗೆ ಮಿಣಿಮಿಣಿ. ತಿರುಗಿಸಿದೆ. ಟಕ್ ಟಕ್ ಟಕ್ ಟಕ್. ಮತ್ತೆ ತಿರುಗಿಸಿದೆ. ಟಕ್ ಅಂತ ಒಂದು ಸಲ. ಆಮೇಲೆ ಅದೂ ಇಲ್ಲ. ಮೊದಲೇ ನಾಲ್ಕು ವರ್ಷದ ಹಳೇ ಬ್ಯಾಟರಿ. ಮಳೆಗಾಲಕ್ಕೆ ಮುಂಚೆ ಬದಲಾಯಿಸು ಅಂತ ಮೆಕ್ಯಾನಿಕ್ ಹೇಳಿದ್ದು ನನ್ನ ಕಿವೀಲಿ ಇನ್ನೂ ಇತ್ತು.

"ಏನಾತೋ?" ಅಂದಳು ಅವ್ವ, ಜಗಲಿಯಿಂದ.

ಆಗ ನನ್ನ ಬಾಯಿಂದ ಬಂದ ಮಾತು ಕೇಳಿ. "ನಿನ್ನ ಸೊಸೇನ ಕೇಳು! ನಿನ್ನೆ ಬ್ಯಾಗ್ ಇಡೋಕೆ ಬಂದೋಳು ಲೈಟ್ ಆರಿಸಿಲ್ಲ. ಬ್ಯಾಟರಿ ಸತ್ತುಹೋಗಿದೆ. ಇವಳ ಪರೀಕ್ಷೆ, ಇವಳಿಗೇ ಜವಾಬ್ದಾರಿ ಇಲ್ಲ!"

ಲೋಕಪ್ಪ ಆಗಲೇ ಬೇಲಿ ದಾಟಿ ಬಂದಿದ್ದ. ಅವನೂ ಕೇಳಿಸಿಕೊಂಡ. ಅವ್ವ ಶುರು ಹಚ್ಚಿದಳು. "ಏನೇ ನಿರ್ಮಲಾ, ಕರೆಂಟು ಕಣ್ಣಿಗೆ ಕಾಣದಿದ್ರೂ ಖರ್ಚಾಗತ್ತೆ ಅಂತ ಅಷ್ಟು ಓದಿದೋಳಿಗೆ ಗೊತ್ತಾಗಲ್ವೇನೆ?" ನಿರ್ಮಲಾ ನನ್ನ ಮುಖ ನೋಡಿದಳು. ಒಂದು ಸಲ, ನೆಟ್ಟಗೆ. ಆಮೇಲೆ ಕೈಗಡಿಯಾರ ನೋಡಿಕೊಂಡು, "ಈಗ ಏನು ಮಾಡೋದು ಹೇಳ್ರಿ" ಅಂದಳು. ಅವಳು ಬಿಟ್ಟದ್ದಲ್ಲ ಅಂತ ನನಗೆ ಗೊತ್ತಿತ್ತು. ಆದ್ರೆ ಆಡಿಬಿಟ್ಟಿದ್ದೆ, ನುಂಗೋದು ಹೆಂಗೆ?

ಲೋಕಪ್ಪ "ತಳ್ಳೋಣ" ಅಂದ. ನಂದು ಗೇರ್ ಹಾಕೋ ಕೆಲಸ ಇಲ್ಲದ ಕಾರು, ಎಡಗಾಲ ಮಂಡಿ ನೋವು ಅಂತ ಅದನ್ನೇ ಹುಡುಕಿ ಕೊಂಡಿದ್ದೆ. ಅಂಥ ಕಾರು ತಳ್ಳಿದ್ರೆ ಸ್ಟಾರ್ಟ್ ಆಗಲ್ಲ. "ಬೈಕಲ್ಲಿ ಬಿಟ್ಟು ಬರ್ತೀನಿ" ಅಂದ. ನಿರ್ಮಲಂಗೆ ಎರಡು ವರ್ಷದ ಹಿಂದೆ ಬೆನ್ನಿನ ಆಪರೇಷನ್ ಆಗಿದೆ. ಬೈಕ್ ಹತ್ತಿದ್ರೆ ಮತ್ತೆ ಬರಬೇಡಿ ಅಂತ ಡಾಕ್ಟ್ರು ಹೇಳಿದಾರೆ. ಊರಿನ ಬಸ್ಸು ಏಳೂವರೆಗೇ ಹೋಗಿತ್ತು. ಶಿರಾಳಕೊಪ್ಪದ ಟ್ಯಾಕ್ಸಿಯವನಿಗೆ ಫೋನ್ ಮಾಡಿದ್ರೆ, "ಬಾಡಿಗೇಲಿದೀನಿ, ಬರೋಕೆ ಒಂದೂಕಾಲು ಗಂಟೆ ಆಗತ್ತಣ್ಣ" ಅಂದ. ಬಂದು, ಮತ್ತೆ ಸೊರಬಕ್ಕೆ ಹೋಗೋ ಹೊತ್ತಿಗೆ ಗೇಟ್ ಹಾಕಿರತ್ತೆ. ನಿರ್ಮಲಾ ಜಗಲಿ ಕಟ್ಟೆ ಮೇಲೆ ಕೂತಳು. ಅಳಲಿಲ್ಲ. ಸೀರೆ ಸೆರಗಿನ ತುದೀನ ಬೆರಳಿಗೆ ಸುತ್ತೋದು, ಬಿಚ್ಚೋದು ಮಾಡ್ತಿದ್ದಳು. ಅವಳು ಅತ್ತಿದ್ರೆ ನನಗೆ ಹಗುರ ಆಗ್ತಿತ್ತು.

ಎಂಟೂ ಇಪ್ಪತ್ತಕ್ಕೆ ಲೋಕಪ್ಪ ತಲೆ ಚಚ್ಚಿಕೊಂಡ. "ಅಯ್ಯ, ನಮ್ಮನೇಲಿ ದನದ ಡಾಕ್ಟ್ರಮ್ಮ ಇದಾರಲ್ಲ! ಎಮ್ಮೆ ನೋಡೋಕೆ ಬಂದಿದಾರೆ. ಕಾರಲ್ಲೇ ಬಂದಿರೋದು."

ಡಾಕ್ಟ್ರಮ್ಮ ಅಂದ್ರೆ ಕರುಣಾ. ಜಡೆ ಊರಿನ ಕಡೆಯ ಹುಡುಗಿ, ಮೂವತ್ತರ ಒಳಗೆ ವಯಸ್ಸು. ಸಣ್ಣ ಆಳು, ಸಣ್ಣ ದನಿ. ಎಂಥ ಒದೆಯೋ ಎತ್ತನ್ನೂ ಬೆನ್ನು ಸವರಿ ನಿಲ್ಲಿಸ್ತಾಳೆ. ಕೈ ತೊಳೆದುಕೊಂಡು ಬಂದು ಎಲ್ಲ ಕೇಳಿಸಿಕೊಂಡಳು. "ನಾನೇ ಸೊರಬಕ್ಕೆ ಬಿಟ್ಟು ಬರ್ತಿದ್ದೆ ನಿರ್ಮಲಕ್ಕ. ಆದ್ರೆ ಶಿಕಾರಿಪುರದ ಹತ್ರ ಒಂದು ಹಸು ಕರು ಹಾಕೋಕಾಗದೆ ಒದ್ದಾಡ್ತಿದೆ, ಒಂಬತ್ತೂವರೆ ಒಳಗೆ ಅಲ್ಲಿರಬೇಕು. ನನ್ನ ಹತ್ರ ಜಂಪರ್ ಕೇಬಲ್ ಇದೆ. ನನ್ನ ಬ್ಯಾಟರಿಯಿಂದ ನಿಮ್ಮದಕ್ಕೆ ಕರೆಂಟು ಕೊಟ್ಟು ನಿಮ್ಮ ಕಾರನ್ನೇ ಎಬ್ಬಿಸೋಣ."

"ಹಂಗಂದ್ರೆ ಬೇಗ ಹಚ್ಚಿ ಮೇಡಂ!" ಅಂತ ಕೂಗಿದೆ ನಾನು. "ಇದರಲ್ಲೇನಿದೆ, ಎರಡು ವೈರು ಸಿಗಿಸೋದು ತಾನೆ!"

"ತಡೀರಿ ಮಾರಾಯ್ರೆ," ಅಂದಳು ಅವಳು, ನನ್ನ ಕೂಗು ಕೇಳಿಸಲೇ ಇಲ್ಲ ಅನ್ನೋ ಹಾಗೆ. "ಅವಸರ ಮಾಡಿದ್ರೆ ಎರಡು ಕಾರೂ ಇಲ್ಲೇ ನಿಲ್ಲತ್ತೆ. ಆಮೇಲೆ ನಿರ್ಮಲಕ್ಕನ ಪರೀಕ್ಷೇನೂ ಇಲ್ಲ, ಆ ಹಸೂನೂ ಇಲ್ಲ."

ಅವಳ ಕಾರು ತಂದು ನನ್ನ ಕಾರಿನ ಮೂತಿಗೆ ಮೂತಿ ಕೊಟ್ಟು ನಿಲ್ಲಿಸಿದಳು, ಆದ್ರೆ ಒಂದಕ್ಕೊಂದು ತಾಗದ ಹಾಗೆ ಮಧ್ಯೆ ಒಂದು ಮೊಳ ಜಾಗ ಬಿಟ್ಟು. ಎರಡರದೂ ಹ್ಯಾಂಡ್‌ಬ್ರೇಕ್ ಎಳೆಸಿದಳು. ಎರಡೂ ಬಂದ್. ಲೈಟು, ಫ್ಯಾನು, ಹಾಡು ಎಲ್ಲ ಆಫ್ ಮಾಡಿಸಿದಳು. ಆ ಫ್ಯಾನಿನ ಗುಂಡಿ ತಿರುಗಿಸುವಾಗ ನಾನು ಯಾರ ಕಡೆಗೂ ನೋಡಲಿಲ್ಲ. "ಉಂಗುರ, ವಾಚು ತೆಗೀರಿ" ಅಂದಳು. ತೆಗೆದೆ. ಬಾನೆಟ್ ಎತ್ತಿ ಬ್ಯಾಟರಿ ಸುತ್ತ ಬಗ್ಗಿ ನೋಡಿದಳು. ಎಲ್ಲಾದ್ರೂ ಉಬ್ಬಿದೆಯಾ, ಬಿರುಕು ಬಿಟ್ಟಿದೆಯಾ, ಸೋರ್ತಿದೆಯಾ ಅಂತ. ಹಂಗಿದ್ರೆ ಮುಟ್ಟಲೇಬಾರದಂತೆ. ನಾನು ಒಳಗೊಳಗೇ ಕುದೀತಿದ್ದೆ. ಎಂಟೂ ಮೂವತ್ತೈದು.

ಅಷ್ಟರಲ್ಲಿ ಅವ್ವ ಬಂದಳು. ಕೈಯಲ್ಲಿ ಆರತಿ ತಟ್ಟೆ, ಅದರಲ್ಲಿ ಕರ್ಪೂರ ಧಗಧಗ ಉರೀತಿದೆ. "ಒಂದು ಆರತಿ ಎತ್ತಿಬಿಡ್ತೀನಿ, ಕಾರಿಗೆ ಯಾರದೋ ಕಣ್ಣು ತಾಗಿದೆ" ಅಂತ ಸೀದಾ ಬ್ಯಾಟರಿ ಮೇಲಕ್ಕೇ ತಟ್ಟೆ ಚಾಚಿದಳು. ಕರುಣಾ ಜೀವನದಲ್ಲಿ ಮೊದಲ ಸಲ ದನಿ ಎತ್ತಿದ್ದು ಆಗಲೇ ಇರಬೇಕು. "ಅಜ್ಜೀ! ಹಿಂದೆ ಹೋಗಿ!" ಅವ್ವ ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದಳು. "ಬ್ಯಾಟರಿಯಿಂದ ಒಂಥರಾ ಗ್ಯಾಸ್ ಬರತ್ತಜ್ಜಿ. ಬೆಂಕಿ ತಾಗಿದ್ರೆ ಸಿಡಿಯತ್ತೆ. ಒಳಗಿರೋದು ಆಸಿಡ್ಡು, ಮುಖಕ್ಕೆ ಹಾರತ್ತೆ. ಆರತಿ ದೇವರ ಮನೇಲೇ ಎತ್ತಿ, ಇಲ್ಲಿಗೂ ತಲುಪತ್ತೆ." ಅವ್ವ ಗೊಣಗ್ತಾ ಒಳಗೆ ಹೋದಳು. ಬೀಡಿ ಹಚ್ಚೋಕೆ ಕಡ್ಡಿ ತೆಗೆದಿದ್ದ ಲೋಕಪ್ಪ ಅದನ್ನ ಮೆಲ್ಲಗೆ ಜೇಬಿಗೆ ಇಳಿಸಿದ.

ಈಗ ಅವ್ವನ ಇನ್ನೊಂದು ಪದ್ಧತಿ ಹೇಳಬೇಕು. ಪ್ರತಿ ಅಮಾವಾಸ್ಯೆ ಕಾರಿಗೆ ಪೂಜೆ ಎಲ್ಲರೂ ಮಾಡ್ತಾರೆ. ಚಕ್ರಕ್ಕೆ ನಿಂಬೆಹಣ್ಣು, ಮುಂದೆ ಹೂವು. ನಮ್ಮವ್ವ ಅಷ್ಟಕ್ಕೆ ಬಿಡೋಳಲ್ಲ. "ಕಾರಿನ ಜೀವ ಇರೋದು ಎಲ್ಲಿ?" ಅಂತ ಕೇಳಿ ತಿಳ್ಕೊಂಡು, ಬಾನೆಟ್ ತೆಗೆಸಿ, ಬ್ಯಾಟರಿಗೇ ಪೂಜೆ. ಅದರ ಒಂದು ತುದಿಗೆ ವಿಭೂತಿ, ಇನ್ನೊಂದು ತುದಿಗೆ ಕುಂಕುಮ. "ಒಂದು ಶಿವ, ಒಂದು ಪಾರ್ವತಿ. ಇಬ್ಬರೂ ಸೇರಿದ್ರೆ ತಾನೆ ಶಕ್ತಿ?" ಅಂತಾಳೆ. ನಾಲ್ಕು ವರ್ಷದ ಅಮಾವಾಸ್ಯೆ ಲೆಕ್ಕ ಹಾಕಿ. ಎಣ್ಣೆಗೆ ಕಲಸಿದ ಕುಂಕುಮ, ನೀರಿಗೆ ಕಲಸಿದ ವಿಭೂತಿ, ಪದರ ಪದರವಾಗಿ ಕೂತು ಆ ಬ್ಯಾಟರಿಗೆ ಒಂದು ಗುರುತೂ ಇಲ್ಲ, ಬರಹವೂ ಇಲ್ಲ. ಪ್ಲಸ್ ಮೇಲಿನ ಕೆಂಪು ಮುಚ್ಚಳ ಎಂದೋ ಬಿದ್ದುಹೋಗಿತ್ತು. ವೈರುಗಳೆರಡೂ ಧೂಳು, ಜಿಡ್ಡು ಮೆತ್ತಿ ಒಂದೇ ಬಣ್ಣ ಆಗಿದ್ದವು.

"ಕೆಂಪು ಕ್ಲಿಪ್ಪು ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ," ಅಂದಳು ಕರುಣಾ, ತನ್ನ ಕಾರಿನ ಬಾನೆಟ್ ಎತ್ತುತ್ತಾ. "ನಿಮ್ಮದರಲ್ಲಿ ಪ್ಲಸ್ ಯಾವುದು ನೋಡಿ ಹೇಳಿ. ಇನ್ನೊಂದು ತುದಿ ನನ್ನ ಕೈಯಲ್ಲಿದೆ, ನಾನು ಹೇಳೋವರೆಗೆ ಹಚ್ಚಬೇಡಿ."

ನಾನು ಬಗ್ಗಿದೆ. ಜೇಬು ಮುಟ್ಟಿಕೊಂಡೆ, ಚಾಳೀಸು ಇಲ್ಲ. ಬೆಳಿಗ್ಗೆಯಿಂದ ಇಲ್ಲ. ಚಾಳೀಸಿಲ್ಲದೆ ನನಗೆ ಹತ್ತಿರದ್ದು ಎಲ್ಲ ಮಸುಕು. ಆದ್ರೆ ಒಂದು ತುದಿ ಬೆಳ್ಳಗೆ, ಒಂದು ತುದಿ ಕೆಂಪಗೆ ಅನ್ನೋದು ಕುರುಡನಿಗೂ ಕಾಣ್ತಿತ್ತು.

"ಇದೇ ನೋಡಿ, ಕೆಂಪಗಿದೆ. ಕೆಂಪು ಅಂದ್ರೆ ಪ್ಲಸ್ಸು. ಗಿರಣಿ ನಡೆಸೋನಿಗೆ ಇಷ್ಟೂ ಗೊತ್ತಿಲ್ವ!" ಅಂತ ಕ್ಲಿಪ್ಪು ಬಾಯಿ ತೆಗೆದೆ.

"ತಡೀರಿ."

ನಿರ್ಮಲಾ. ಯಾವಾಗ ಎದ್ದು ಬಂದಿದ್ದಳೋ, ನನ್ನ ಮುಂಗೈ ಹಿಡಿದಿದ್ದಳು. "ಅದು ಅತ್ತೆ ಹಚ್ಚಿದ ಕುಂಕುಮ ರೀ. ಬಣ್ಣ ನೋಡಿ ಹಚ್ಚಬಾರದು, ಗುರುತು ನೋಡಿ ಹಚ್ಚಬೇಕು."

"ಹೊತ್ತಾಗ್ತಿದೆ ಕಣೇ!"

"ನನ್ನ ಪರೀಕ್ಷೆ ರೀ ಅದು. ಹೊತ್ತಾಗ್ತಿರೋದು ನನಗೆ," ಅಂದಳು. ದನಿ ಏರಿಸಲಿಲ್ಲ. ಆದ್ರೆ ಮುಂಗೈ ಬಿಡಲಿಲ್ಲ.

ಸಂಘದಲ್ಲಿ ಹಿಂದೆ ಆಸಿಡ್ ಹಾಕಿ ಹಾಲಿನ ಜಿಡ್ಡು ಅಳೀತಿದ್ದ ಕಾಲ ಒಂದಿತ್ತು. ಎರಡು ಬಾಟಲಿ, ಎರಡರಲ್ಲೂ ನೀರಿನಂಥದ್ದೇ. ಒಂದು ಸಲ ಯಾರೋ ಬಾಟಲಿ ಮಾತ್ರ ನೋಡಿ ಸುರಿದು ಕೈ ಸುಟ್ಟುಕೊಂಡಿದ್ದರು. ಅವತ್ತಿಂದ ನಿರ್ಮಲಾ ಚೀಟಿ ಓದದೆ ಒಂದು ಬಾಟಲಿನೂ ಎತ್ತಲ್ಲ. ಬೆಳ್ಳಗಿರೋದೆಲ್ಲ ಹಾಲಲ್ಲ ಅನ್ನೋದು ನಮಗೆಲ್ಲ ಗಾದೆ. ಅವಳಿಗೆ ದಿನದ ಕೆಲಸ. ಲೋಕಪ್ಪನ ಹೆಗಲ ಮೇಲಿನ ಟವೆಲ್ ಕಿತ್ತುಕೊಂಡು ಮೊದಲು ಕೆಂಪು ತುದಿ ತಿಕ್ಕಿದಳು. ಕುಂಕುಮದ ಪದರ ಎದ್ದು ಬಂತು. ಅದರ ಬುಡದಲ್ಲಿ, ಪ್ಲಾಸ್ಟಿಕ್ಕಿನ ಮೇಲೆ ಅಚ್ಚೊತ್ತಿದ ಒಂದೇ ಒಂದು ಅಡ್ಡಗೆರೆ. ಆಮೇಲೆ ವಿಭೂತಿ ತುದಿ ತಿಕ್ಕಿದಳು. ಅಡ್ಡಗೆರೆ, ಅದರ ಮೇಲೆ ಉದ್ದಗೆರೆ.

ಪ್ಲಸ್ಸು ಇದ್ದದ್ದು ಶಿವನ ಕಡೆ. ನಾನು ಪಾರ್ವತಿಗೆ ಹಚ್ಚೋಕೆ ಹೊರಟಿದ್ದೆ.

ಕರುಣಾ ಬಂದು ಇಣುಕಿ ನೋಡಿ ಉಸಿರು ಬಿಟ್ಟಳು. "ಪುಣ್ಯ. ತಿರುಗಾಮುರುಗಾ ಹಚ್ಚಿದ್ರೆ ದೊಡ್ಡ ಕಿಡಿ ಹಾರ್ತಿತ್ತು. ಬ್ಯಾಟರಿ ಸಿಡಿಯೋದೂ ಉಂಟು. ಎರಡು ಕಾರಿನ ಒಳಗಿನ ಕಂಪ್ಯೂಟ್ರೂ ಸುಟ್ಟುಹೋಗ್ತಿತ್ತು. ನಿರ್ಮಲಕ್ಕ, ಇನ್ನು ನೀವೇ ಹಚ್ಚಿ."

ನನ್ನ ಕೈಯಿಂದ ಕ್ಲಿಪ್ಪು ನಿರ್ಮಲನ ಕೈಗೆ ಹೋಯ್ತು. ನಾನು ಬದಿಗೆ ಸರಿದೆ. ಕೆಂಪು ಕ್ಲಿಪ್ಪು ನಮ್ಮ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಡಾಕ್ಟ್ರಮ್ಮನ ಬ್ಯಾಟರಿಯ ಪ್ಲಸ್‌ಗೆ. ಆಮೇಲೆ ಕಪ್ಪು ಕ್ಲಿಪ್ಪು ಡಾಕ್ಟ್ರಮ್ಮನ ಬ್ಯಾಟರಿಯ ಮೈನಸ್‌ಗೆ. ಉಳಿದ ಕೊನೇ ಕಪ್ಪು ಕ್ಲಿಪ್ಪು ನಮ್ಮ ಬ್ಯಾಟರಿಯ ಮೈನಸ್‌ಗೇ ಇರಬೇಕು ಅಂದುಕೊಂಡೆ. ಈ ಸಲ ಬಾಯಿ ಬಿಡಲಿಲ್ಲ, ಅಷ್ಟರ ಮಟ್ಟಿಗೆ ಬುದ್ಧಿ ಬಂದಿತ್ತು. ಅದು ಅಲ್ಲಿಗಲ್ಲ. ಬ್ಯಾಟರಿಯಿಂದ ದೂರ, ಇಂಜಿನ್ನಿನ ಬಣ್ಣ ಬಳಿಯದ ಕಬ್ಬಿಣಕ್ಕೆ. "ಕೊನೇ ಕ್ಲಿಪ್ಪು ಹಚ್ಚುವಾಗ ಸಣ್ಣ ಕಿಡಿ ಬರಬಹುದು," ಅಂದಳು ಕರುಣಾ. "ಅದು ಬ್ಯಾಟರಿ ಹತ್ರ ಬರೋದು ಬೇಡ." ಒಂದು ಕಿಡಿ ಬಂತು ಕೂಡ, ಸಾಸಿವೆಯಷ್ಟು. ನಿರ್ಮಲಾ ಕ್ಲಿಪ್ಪು ಒತ್ತಿ ಕೂರಿಸಿದಳು.

ಕರುಣಾ ತನ್ನ ಕಾರು ಸ್ಟಾರ್ಟ್ ಮಾಡಿ ಬಿಟ್ಟಳು. "ಐದು ನಿಮಿಷ ಹೀಗೇ ಓಡಲಿ. ಸತ್ತದ್ದು ಸ್ವಲ್ಪ ಕುಡೀಲಿ."

ಐದು ನಿಮಿಷ! ಎಂಟೂ ನಲವತ್ತೆಂಟು ಆಗಿತ್ತು. ನನ್ನ ಜನ್ಮದಲ್ಲಿ ಅಷ್ಟು ಉದ್ದದ ಐದು ನಿಮಿಷ ಕಂಡಿಲ್ಲ. ಲೋಕಪ್ಪ ಗಡಿಯಾರ ನೋಡಿದ, ಆಕಾಶ ನೋಡಿದ. ಒಳಗಿಂದ ಅವ್ವನ ಗಂಟೆ ಶಬ್ದ ಕೇಳಿಸ್ತಿತ್ತು. ನಿರ್ಮಲಾ ಕಣ್ಣು ಮುಚ್ಚಿ ತುಟಿ ಅಲುಗಾಡಿಸ್ತಿದ್ದಳು. ಮಂತ್ರವೋ, ಸೂತ್ರವೋ ಗೊತ್ತಿಲ್ಲ. ಇವಳ ಒಂದು ವರ್ಷದ ಓದು, ಒಂಬತ್ತು ವರ್ಷದ ಕೆಲಸ ನನ್ನ ಒಂದು ಚಪಲಕ್ಕೆ ಹೋಗತ್ತಲ್ಲಪ್ಪಾ ಅಂತ ನಾನು ನನ್ನನ್ನೇ ಶಪಿಸ್ತಿದ್ದೆ. ಜೋರಾಗಿ ಅಲ್ಲ, ಮನಸ್ಸಲ್ಲಿ.

"ಈಗ ನೋಡಿ," ಅಂದಳು ಕರುಣಾ.

ಕೂತೆ. ಕೀಲಿ ತಿರುಗಿಸಿದೆ. ಕೊರ್ ಕೊರ್ ಕೊರ್ ಅಂತು. ಬಿಟ್ಟೆ. "ಒಂದು ನಿಮಿಷ ಬಿಟ್ಟು ಮತ್ತೆ," ಅಂದಳು. ಮತ್ತೆ ತಿರುಗಿಸಿದೆ. ಕೊರ್ ಕೊರ್, ಆಮೇಲೆ ಘರ್ರ್ ಅಂತ ಎದ್ದೇಬಿಡ್ತು! ಅಬ್ಬಾ! ಲೋಕಪ್ಪ ಕುಣಿದ. ನಾನು "ಹೋಯ್!" ಅಂತ ಕೂಗಿದ್ದು ಶಿರಾಳಕೊಪ್ಪಕ್ಕೆ ಕೇಳಿಸಿರಬೇಕು. ನಿರ್ಮಲಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು, ಒಂದೇ ಕ್ಷಣ. ಆಮೇಲೆ ಕ್ಲಿಪ್ಪು ಬಿಚ್ಚೋಕೆ ಬಂದಳು.

ಬಿಚ್ಚೋದು ಹಚ್ಚಿದ್ದಕ್ಕೆ ಉಲ್ಟಾ. ಇಂಜಿನ್ನಿನ ಕಪ್ಪು ಮೊದಲು, ಡಾಕ್ಟ್ರಮ್ಮನ ಕಪ್ಪು, ಡಾಕ್ಟ್ರಮ್ಮನ ಕೆಂಪು, ಕೊನೆಗೆ ನಮ್ಮ ಕೆಂಪು. ಒಂದಕ್ಕೊಂದು ತಾಗದ ಹಾಗೆ. "ಸೊರಬ ಮುಟ್ಟೋವರೆಗೆ ಎಲ್ಲೂ ಆಫ್ ಮಾಡಬೇಡಿ," ಅಂದಳು ಕರುಣಾ, ಕೇಬಲ್ ಸುತ್ತುತ್ತಾ. "ಅಲ್ಲಿ ಬ್ಯಾಟರಿ ತೋರಿಸಿ, ಹೊಸದೇ ಹಾಕಿಸೋದು ಒಳ್ಳೇದು. ನಿರ್ಮಲಕ್ಕ, ಚೆನ್ನಾಗಿ ಬರೀರಿ." ನಾವು ಕೈಮುಗಿಯೋ ಹೊತ್ತಿಗೆ ಅವಳ ಕಾರು ತಿರುವು ದಾಟಿತ್ತು. ಆ ಹಸು ಸುಖವಾಗಿ ಕರು ಹಾಕ್ತು ಅಂತ ಆಮೇಲೆ ಗೊತ್ತಾಯ್ತು. ಹೆಣ್ಣುಗರು.

ಎಂಟೂ ಐವತ್ತೇಳಕ್ಕೆ ಹೊರಟೆವು. ಶಿರಾಳಕೊಪ್ಪ ದಾಟಿದ ಮೇಲೆ ನನಗೆ ಉಸಿರು ಬಂತು. ಎಡಗಡೆ ಗದ್ದೇಲಿ ಹೂಟಿ ನಡೀತಿತ್ತು, ಸಣ್ಣಗೆ ಮಳೆ ಹನಿ. ನಿರ್ಮಲಾ ಒಂದು ಸಲ ಕೊನೇದಾಗಿ ನೋಡ್ಕೋತೀನಿ ಅಂತ ಬ್ಯಾಗಿಂದ ಪುಸ್ತಕ ತೆಗೆದಳು. ತೆರೆದಳು. ಅವಳ ಮಡಿಲಿಗೆ ಏನೋ ಬಿತ್ತು.

ನನ್ನ ಚಾಳೀಸು.

ವಿದ್ಯುತ್ ಪಾಠದ ನಾಲ್ಕನೇ ಪುಟದಲ್ಲಿ ಗುರುತಿಗೆ ಇಟ್ಟ ಹಾಗೆ ಕೂತಿತ್ತು ಅದು. ಅವಳು ಚಾಳೀಸು ನೋಡಿದಳು. ನನ್ನನ್ನ ನೋಡಿದಳು. ನಾನು ಅವಳ ಕಡೆಗೇ ತಿರುಗಿಬಿಟ್ಟೆ, ಕಾರು ರಸ್ತೆ ಅಂಚಿಗೆ ವಾಲಿತು.

"ರಸ್ತೆ ನೋಡಿ ಓಡಿಸ್ರಿ," ಅಂದಳು ಅವಳು. ಚಾಳೀಸನ್ನ ಬ್ಯಾಗಿಗೆ ಹಾಕಿ ಓದೋಕೆ ಕೂತಳು.

ಒಂಬತ್ತೂ ಐವತ್ತಕ್ಕೆ ಸೊರಬದ ಹೈಸ್ಕೂಲ್ ಗೇಟು. ಹದಿನಾರು ವರ್ಷದ ಹುಡುಗರು, ಹುಡುಗಿಯರ ಮಧ್ಯೆ ನನ್ನ ಹೆಂಡತಿ ಹಾಲ್ ಟಿಕೆಟ್ ಹಿಡ್ಕೊಂಡು ಬಿರಬಿರನೆ ಒಳಗೆ ಹೋದಳು. ತಿರುಗಿ ನೋಡಲಿಲ್ಲ. ನಾನು ಸೀದಾ ಬ್ಯಾಟರಿ ಅಂಗಡಿಗೆ ಹೋದೆ. ಮೀಟರ್ ಹಚ್ಚಿ ನೋಡಿ, "ಇದರ ಆಯುಷ್ಯ ಮುಗಿದಿದೆ ಯಜಮಾನ್ರೆ" ಅಂದ. ಹೊಸದು ಹಾಕಿಸಿದೆ. ಪ್ಲಸ್ ಮೇಲೆ ಕೆಂಪು ಮುಚ್ಚಳ ಸರಿಯಾಗಿ ಕೂತಿದೆಯಾ ಅಂತ ಎರಡು ಸಲ ಒತ್ತಿ ನೋಡಿದೆ. ಆಮೇಲೆ ಮರದ ಕೆಳಗೆ ನಿಂತು ಮೂರು ಗಂಟೆ ಹೊತ್ತು ಹೇಳಬೇಕಾದ್ದನ್ನ ಮನಸ್ಸಲ್ಲೇ ಹೇಳಿಕೊಂಡೆ. ಪರೀಕ್ಷೆ ನನಗೇ ಇದ್ದ ಹಾಗಿತ್ತು.

ಒಂದೂಕಾಲಿಗೆ ಹೊರಗೆ ಬಂದಳು. ಮುಖ ಅರಳಿತ್ತು. "ಚೆನ್ನಾಗಾಯ್ತು ರೀ. ಗೊತ್ತಿಲ್ಲದ್ದು ಎರಡೇ ಪ್ರಶ್ನೆ." ಕಾರಿನ ಬಾಗಿಲು ಹಿಡಿದು ನಿಂತೆ.

"ನಿರ್ಮಲಾ, ಲೈಟ್ ಬಿಟ್ಟಿದ್ದು ನಾನು."

"ಗೊತ್ತು."

"ಚಾಳೀಸು ನೋಡಿ..."

"ಅದಕ್ಕೂ ಮುಂಚೇನೇ ಗೊತ್ತು. ಸಂಜೆ ಬ್ಯಾಗ್ ಇಟ್ಟು ಬಂದು ಕೀಲಿ ನಾನೇ ಮೊಳೆಗೆ ಹಾಕಿದ್ದೆ. ಬೆಳಿಗ್ಗೆ ಹೂವು ಕೊಯ್ಯೋಕೆ ಹೋಗುವಾಗ ಮೊಳೆ ಖಾಲಿ ಇತ್ತು. ಮನೇಲಿ ಕಾರಿನ ಕೀಲಿ ಮುಟ್ಟೋರು ಇನ್ಯಾರು, ಅತ್ತೆನಾ?"

"ಮತ್ತೆ ಅಷ್ಟು ಜನರ ಮುಂದೆ ಬೈದಾಗ ಹೇಳಬಾರದಿತ್ತೇನೆ?"

ಅವಳು ನೀರಿನ ಬಾಟಲಿ ಮುಚ್ಚಳ ತಿರುಗಿಸ್ತಾ ಅಂದಳು: "ಹೇಳಿದ್ರೆ ನೀವು ಇನ್ನೂ ಕೂಗ್ತಿದ್ರಿ. ನಾನು ಓದಿದ್ದೆಲ್ಲ ತಲೆಯಿಂದ ಹೋಗ್ತಿತ್ತು. ನನಗೆ ಪರೀಕ್ಷೆ ಇತ್ತು ರೀ."

ಅವಳು ಬೈದು ಹೇಳಿದ್ರೆ ತಡ್ಕೋತಿದ್ದೆ. ಅಕ್ಕಿ ಇಷ್ಟು ಇದೆ, ಬೇಳೆ ಇಷ್ಟು ಇದೆ ಅನ್ನೋ ಹಾಗೆ ಹೇಳಿದಳು. ಇಷ್ಟು ವರ್ಷ ನನ್ನ ಗಂಟಲಿಗೆ ಹೆದರಿ ಸುಮ್ಮನಿದ್ದಾಳೆ ಅಂದುಕೊಂಡಿದ್ದೆ. ಹೆದರಿಕೆ ಅಲ್ಲ ಅದು. ಮಳೆ ಬಂದಾಗ ಒಣಗಿಸಿದ್ದನ್ನ ಒಳಗೆ ಎತ್ತಿಡ್ತಾರಲ್ಲ, ಹಂಗೆ ತನ್ನದನ್ನ ತಾನು ಕಾಪಾಡಿಕೊಂಡಿದ್ದಳು. ನನಗೆ ನಾಚಿಕೆ ಆಯ್ತು. ತಪ್ಪಾಯ್ತು ಅಂದೆ. ಅಷ್ಟು ಮೆತ್ತಗೆ ಅಂದದ್ದಕ್ಕೋ ಏನೋ, ಅವಳು ನಕ್ಕುಬಿಟ್ಟಳು. "ನಾಲ್ಕೇ ಪುಟಕ್ಕೆ ನಿದ್ದೆ ಬಂತೇನ್ರಿ?" ಅಂತ ಕೇಳಿ ಚಾಳೀಸು ನನ್ನ ಜೇಬಿಗೆ ಹಾಕಿದಳು. ದಾರಿ ಉದ್ದಕ್ಕೂ ಉಳಿದ ಪಾಠ ಹೇಳಿದಳು. ನಾನು ಹೂಂಗುಟ್ಟಿದೆ. ಎದೆ ಮೇಲಿನ ಚೀಲ ಇಳಿಸಿದಷ್ಟು ಹಗುರ ಆಗಿತ್ತು.

ಆದ್ರೆ ಪೂರ್ತಿ ಇಳಿದಿರಲಿಲ್ಲ ಅಂತ ಮನೆ ಮುಂದೆ ಗೊತ್ತಾಯ್ತು. ಅವ್ವ ಕುಂಕುಮದ ಬಟ್ಟಲು ಹಿಡ್ಕೊಂಡೇ ಕಾಯ್ತಿದ್ದಳು, ಹೊಸ ಬ್ಯಾಟರಿ ಅಂತ ಫೋನಲ್ಲಿ ಕೇಳಿ ಅದರ ಪೂಜೆಗೆ. ನಿರ್ಮಲಾ ಇಳಿದ ತಕ್ಷಣ, "ಬರೆದ್ಯೇನವ್ವ? ಒಳ್ಳೇದಾತು. ಇನ್ಮೇಲಾದ್ರೂ ಲೈಟ್ ಆರಿಸೋದು ಕಲಿ," ಅಂದಳು. ನಿರ್ಮಲಾ "ಹೂಂ ಅತ್ತೆ" ಅಂತ ಚಪ್ಪಲಿ ಬಿಟ್ಟು ಒಳಗೆ ನಡೆದಳು. ನಾನೂ ಸುಮ್ಮನಿದ್ರೆ ಅದು ಅಲ್ಲಿಗೇ ಮುಗೀತಿತ್ತು.

"ಅವ್ವ, ಲೈಟ್ ಬಿಟ್ಟಿದ್ದು ನಾನು," ಅಂದೆ.

ಅವ್ವ ಕಿವಿಗೆ ಕೈ ಕೊಟ್ಟಳು. "ಏನಂದಿ? ಕೇಳಿಸ್ಲಿಲ್ಲ."

ನನ್ನ ಜನ್ಮದಲ್ಲಿ ನನಗೆ ಯಾರೂ ಕೇಳದ ಪ್ರಶ್ನೆ ಅದು. ಬೆಳಿಗ್ಗೆ ಸುಳ್ಳು ಹೇಳೋಕೆ ಅಷ್ಟು ದೊಡ್ಡ ಗಂಟಲು ಬೇಕಾಯ್ತು, ನಿಜಕ್ಕೆ ಯಾಕೆ ಕಡಿಮೆ ಮಾಡ್ಲಿ ಅನ್ನಿಸ್ತು. ಎದೆ ತುಂಬ ಉಸಿರು ಎಳ್ಕೊಂಡು, ಗಿರಣಿ ಮೋಟರ್ ಓಡ್ತಿದೆ ಅಂತಲೇ ತಿಳ್ಕೊಂಡು ಕೂಗಿದೆ. "ಕಾರಿನ ಲೈಟ್ ಬಿಟ್ಟಿದ್ದು ನಾನು! ನಿರ್ಮಲಾ ಅಲ್ಲ! ಬೆಳಿಗ್ಗೆ ಹೇಳಿದ್ದು ಸುಳ್ಳು!"

ಲೋಕಪ್ಪ ಬೇಲಿ ದಾಟಿ ಓಡಿ ಬಂದ. "ಏನಾತು ವೀರಬಸಣ್ಣ?"

ಒಳಗಿಂದ ನಿರ್ಮಲಾ ಹೊರಗೆ ಬಂದು ಬಾಗಿಲಲ್ಲಿ ನಿಂತಳು. "ಏನಿಲ್ಲ ಲೋಕಪ್ಪಣ್ಣ, ಇನ್ನೊಂದು ಸಲ ಹೇಳ್ತಾರೆ, ಕೇಳು," ಅಂದಳು.